ಆಂಟಿಬಯೋಗ್ರಾಂ: ಇಡೀ ಆಸ್ಪತ್ರೆಗೆ ಒಂದು ಸಾಕಾ, ವಾರ್ಡಿಗೊಂದು ಬೇಕಾ?

ವರ್ಷವಿಡೀ ಬಂದ ಕಲ್ಚರ್ ರಿಪೋರ್ಟುಗಳನ್ನು ಮುಂದಿಟ್ಟುಕೊಂಡು ಆಂಟಿಬಯೋಗ್ರಾಂ (ಯಾವ ಬ್ಯಾಕ್ಟೀರಿಯಾಗೆ ಯಾವ ಆಂಟಿಬಯೋಟಿಕ್ ಶೇಕಡಾ ಎಷ್ಟು ಸಲ ತಾಗುತ್ತದೆ ಅನ್ನುವ ಪಟ್ಟಿ) ಮಾಡಲು ಕೂತವರು ಪದೇ ಪದೇ ಕೇಳುವ ಪ್ರಶ್ನೆ ಇದು. ಎಲ್ಲವನ್ನೂ ಕೂಡಿಸಿ ಒಂದೇ ಪಟ್ಟಿ ಮಾಡಬೇಕಾ? ಐಸಿಯು, ಸರ್ಜರಿ, ಮೆಡಿಸಿನ್ ಅಂತ ವಾರ್ಡ್‌ವಾರು ಒಡೆಯಬೇಕಾ? ರಕ್ತ, ಮೂತ್ರ, ಕಫ ಅಂತ ಸ್ಯಾಂಪಲ್‌ವಾರು ಮಾಡಬೇಕಾ? ಎರಡು ಔಷಧಿಗಳ ಜೋಡಿ ಲೆಕ್ಕ, ವಿಸ್ಕಾ ಅಂತೆಲ್ಲ ಕಿವಿಗೆ ಬೀಳುತ್ತದೆ, ಅವು ನಮ್ಮಂಥ ಆಸ್ಪತ್ರೆಗೆ ಬೇಕಾ?

ಕಲ್ಚರ್ (ಸ್ಯಾಂಪಲ್‌ನಿಂದ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವುದು) ಮತ್ತು ಸೆನ್ಸಿಟಿವಿಟಿ (ಅದಕ್ಕೆ ಯಾವ ಔಷಧಿ ತಾಗುತ್ತದೆ ಅನ್ನುವ ಪರೀಕ್ಷೆ) ಎರಡೂ ಕೈಗೆ ಸಿಗಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೇ ಧಕ್ಕೆಯಾಗುವ ಸ್ಥಿತಿ) ಆದ ರೋಗಿ ಅಷ್ಟು ದಿನ ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲ ಡೋಸ್ ಅಂದಾಜಿನ ಮೇಲೇ ಹೋಗಬೇಕು. ಆ ಅಂದಾಜಿಗೆ ಆಧಾರ ಕೊಡುವುದೇ ಈ ಪಟ್ಟಿಯ ಕೆಲಸ. ಹಾಗಾಗಿ ಪಟ್ಟಿ ಚೆನ್ನಾಗಿ ಕಾಣುತ್ತದಾ ಅನ್ನುವುದು ಮುಖ್ಯವಲ್ಲ. ರಾತ್ರಿ ಡ್ಯೂಟಿಯ ಡಾಕ್ಟರ್ ಅದನ್ನು ನೋಡಿ ಬರೆದ ಔಷಧಿ ಆ ರೋಗಿಗೆ ಕೆಲಸ ಮಾಡಿತಾ ಅನ್ನುವುದೇ ಮುಖ್ಯ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಪಕ್ಕ ಏಳುವ ಪ್ರಶ್ನೆಗೆ ತಕ್ಕಂತೆ ಪಟ್ಟಿಯನ್ನು ಒಡೆಯಬೇಕು. ಆದರೆ ನಿಮ್ಮಲ್ಲಿರುವ ಐಸೊಲೇಟ್‌ಗಳ (ರೋಗಿಗಳ ಸ್ಯಾಂಪಲ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ) ಸಂಖ್ಯೆ ತಡೆದುಕೊಳ್ಳುವಷ್ಟು ಮಾತ್ರ. ಕೆಳಗಿನ ಆಯ್ಕೆಗಳನ್ನೆಲ್ಲ ನಾನು ತೂಗುವುದು ಈ ಎರಡು ಮಾತಿನ ಮೇಲೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಸಂಖ್ಯೆ. ಒಂದು ಬ್ಯಾಕ್ಟೀರಿಯಾದ ಐಸೊಲೇಟ್ ಕನಿಷ್ಠ 30 ಇದ್ದರೆ ಮಾತ್ರ ಅದರ ಶೇಕಡಾವಾರು ಲೆಕ್ಕ ಹಾಕಿ ಅಂತ ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಎಂ39 ಮಾರ್ಗಸೂಚಿ ಹೇಳುತ್ತದೆ. 30 ಇದ್ದರೆ ಎಲ್ಲ ಸರಿಹೋಯಿತು ಅಂತಲ್ಲ. 30ರಲ್ಲಿ 24 ಸೆನ್ಸಿಟಿವ್ ಬಂದರೆ ಪಟ್ಟಿಯಲ್ಲಿ ಶೇ. 80 ಅಂತ ಬರೆಯುತ್ತೇವೆ. ಆದರೆ ಆ 80ರ ಹಿಂದಿರುವ ನಿಜವಾದ ಮೌಲ್ಯ ಸುಮಾರು 63ರಿಂದ 90ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದೇ 300ರಲ್ಲಿ 240 ಬಂದರೆ ಆ ಅಂತರ 75ರಿಂದ 84ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಎರಡೂ 80, ನಂಬಿಕೆಯಲ್ಲಿ ಅಜಗಜಾಂತರ.

ಎರಡನೆಯದು ಹೋಲಿಕೆ. ಪಟ್ಟಿಯಲ್ಲಿ ಯಾರ ಸ್ಯಾಂಪಲ್‌ಗಳಿವೆಯೋ ಅವರಿಗೂ, ಈಗ ಎದುರಿಗೆ ಮಲಗಿರುವ ರೋಗಿಗೂ ಎಷ್ಟು ಸಾಮ್ಯ ಇದೆ? ವೆಂಟಿಲೇಟರ್ ಮೇಲೆ ಹತ್ತು ದಿನ ಇದ್ದವರ ಮತ್ತು ನಿನ್ನೆ ಮನೆಯಿಂದ ಜ್ವರ ಅಂತ ಬಂದವರ ಬ್ಯಾಕ್ಟೀರಿಯಾ ಒಂದೇ ಥರ ಇರುವುದಿಲ್ಲ. ಸಂಖ್ಯೆ ಮತ್ತು ಹೋಲಿಕೆ ಒಂದನ್ನೊಂದು ಎಳೆದಾಡುತ್ತವೆ. ಪಟ್ಟಿ ಒಡೆದಷ್ಟೂ ಹೋಲಿಕೆ ಹೆಚ್ಚುತ್ತದೆ, ಸಂಖ್ಯೆ ಕುಸಿಯುತ್ತದೆ. ಆಯ್ಕೆಯ ಕಷ್ಟ ಇರುವುದೆಲ್ಲ ಇಲ್ಲೇ.

ಇದರ ಜೊತೆ ಇನ್ನೂ ಮೂರು ವಿಚಾರ ನೋಡಿ. ಡೇಟಾ ಎಷ್ಟು ಹೊಸದು? ಇದನ್ನು ಮಾಡಲು ನಿಮ್ಮಲ್ಲಿ ಯಾರಿದ್ದಾರೆ, ಅವರಿಗೆ ಎಷ್ಟು ಸಮಯ ಇದೆ? ಓದುವವರಿಗೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದಾ? ಕೊನೆಯದನ್ನು ತುಂಬಾ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಲವತ್ತು ಪುಟದ ಪಿಡಿಎಫ್ ಎಷ್ಟೇ ಕರಾರುವಾಕ್ಕಾಗಿದ್ದರೂ ರಾತ್ರಿ ಎರಡು ಗಂಟೆಗೆ ಅದನ್ನು ಯಾರೂ ತೆರೆಯುವುದಿಲ್ಲ.

ಒಡೆಯುವ ಮುಂಚೆ ಎಣಿಕೆ ಸರಿ ಮಾಡಿ

ಎಣಿಕೆಯೇ ತಪ್ಪಾಗಿದ್ದರೆ ಯಾವ ಆಯ್ಕೆ ಹಿಡಿದರೂ ಒಂದೇ. ಅದಕ್ಕೇ ಆಯ್ಕೆಗಳಿಗೆ ಹೋಗುವ ಮುಂಚೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಒಂದು ಅವಧಿಯಲ್ಲಿ ಒಬ್ಬ ರೋಗಿಯಿಂದ ಒಂದು ಬ್ಯಾಕ್ಟೀರಿಯಾದ ಮೊದಲ ಐಸೊಲೇಟನ್ನು ಮಾತ್ರ ತೆಗೆದುಕೊಳ್ಳಬೇಕು. ಯಾಕೆ ಅಂತ ಒಂದು ಲೆಕ್ಕ ನೋಡಿ. ಐಸಿಯುನಲ್ಲಿ ಅಸಿನೆಟೊಬ್ಯಾಕ್ಟರ್ 40 ಸಲ ಬೆಳೆದಿದೆ, ಅದರಲ್ಲಿ 16 ಮೆರೋಪೆನೆಮ್‌ಗೆ ಸೆನ್ಸಿಟಿವ್ ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿ ಶೇ. 40 ಬರುತ್ತದೆ. ಈಗ ರೋಗಿಯ ನಂಬರ್ ಹಿಡಿದು ಹುಡುಕಿ. ಮೂವರು ರೋಗಿಗಳಿಂದ ಮತ್ತೆ ಮತ್ತೆ ಕಳಿಸಿದ ಸ್ಯಾಂಪಲ್‌ಗಳಲ್ಲಿ ಅದೇ ರೆಸಿಸ್ಟೆಂಟ್ ಬ್ಯಾಕ್ಟೀರಿಯಾ 10 ಸಲ ಹೆಚ್ಚುವರಿಯಾಗಿ ಎಣಿಕೆಗೆ ಸೇರಿದೆ. ಆ 10 ತೆಗೆದರೆ 30ರಲ್ಲಿ 16, ಅಂದರೆ ಶೇ. 53. ಹೆಚ್ಚು ದಿನ ಮಲಗಿದವರಿಂದ ಹೆಚ್ಚು ಸ್ಯಾಂಪಲ್ ಹೋಗುತ್ತದೆ, ರೆಸಿಸ್ಟೆನ್ಸ್ ಇರುವುದೂ ಅವರಲ್ಲೇ ಜಾಸ್ತಿ. ಹಾಗಾಗಿ ಈ ತಪ್ಪು ಬಹುತೇಕ ಯಾವಾಗಲೂ ಪಟ್ಟಿಯನ್ನು ಇರುವುದಕ್ಕಿಂತ ಕೆಟ್ಟದಾಗಿ ತೋರಿಸುತ್ತದೆ. ಹಾಗೆ ತೋರಿಸಿದರೆ ಹೆದರಿದ ವಾರ್ಡ್ ದೊಡ್ಡ ಔಷಧಿಗೆ ಹೋಗುತ್ತದೆ.

ಸ್ಕ್ರೀನಿಂಗ್‌ಗೆ ತೆಗೆದ ಮೂಗಿನ ಸ್ವಾಬ್, ರೆಕ್ಟಲ್ ಸ್ವಾಬ್, ನೆಲ ಮತ್ತು ಸಿಂಕ್‌ನಿಂದ ತೆಗೆದ ಸ್ಯಾಂಪಲ್, ಇವು ಯಾವುದೂ ಪಟ್ಟಿಗೆ ಸೇರಬಾರದು. ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟಫೈಲೊಕಾಕಸ್ ಆರಿಯಸ್) ಹುಡುಕಲೆಂದೇ ತೆಗೆದ ಸ್ವಾಬನ್ನು ಎಣಿಸಿದರೆ ಎಂಆರ್‌ಎಸ್‌ಎ ಜಾಸ್ತಿ ಕಾಣದೆ ಇನ್ನೇನು ಕಾಣುತ್ತದೆ, ಅಲ್ವಾ?

ಇನ್ನೊಂದು ಬಲೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕೆಲವು ಲ್ಯಾಬ್‌ಗಳಲ್ಲಿ ಮೊದಲ ಸಾಲಿನ ಔಷಧಿಗಳಿಗೆ ರೆಸಿಸ್ಟೆಂಟ್ ಬಂದರೆ ಮಾತ್ರ ಮುಂದಿನ ಸಾಲಿನದನ್ನು ಪರೀಕ್ಷಿಸುತ್ತಾರೆ. ಖರ್ಚು ಉಳಿಸಲು ಇದು ಒಳ್ಳೆಯ ಕ್ರಮವೇ. ಆದರೆ ಆಗ ಆ ಮೇಲಿನ ಔಷಧಿಗೆ ಸಿಗುವ ಶೇಕಡಾ ಮೊದಲೇ ಗಟ್ಟಿಯಾಗಿದ್ದ ಬ್ಯಾಕ್ಟೀರಿಯಾಗಳದ್ದು ಮಾತ್ರ. 200 ಇ. ಕೋಲೈಯಲ್ಲಿ 50ನ್ನು ಮಾತ್ರ ಮೆರೋಪೆನೆಮ್‌ಗೆ ಪರೀಕ್ಷಿಸಿದ್ದರೆ, ಆ ಕಾಲಂ ಅನ್ನು ಉಳಿದ ಕಾಲಂಗಳ ಪಕ್ಕ ಹಾಗೇ ಇಡಬೇಡಿ. ಎಲ್ಲ ಐಸೊಲೇಟ್‌ಗಳಲ್ಲೂ ಪರೀಕ್ಷೆಯಾದ ಔಷಧಿಗಳನ್ನು ಮಾತ್ರ ಪಟ್ಟಿಗೆ ಹಾಕಿ.

ಇನ್ನು ರಿಪೋರ್ಟಿನಲ್ಲಿ ಬರುವ ಎಸ್ (ಸೆನ್ಸಿಟಿವ್), ಐ (ಇಂಟರ್‌ಮೀಡಿಯೆಟ್, ನಡುವಿನದು), ಆರ್ (ರೆಸಿಸ್ಟೆಂಟ್) ವಿಚಾರ. ಸಿಎಲ್‌ಎಸ್‌ಐ ಪ್ರಕಾರ ನಡೆಯುವವರು ಎಸ್ ಬಂದವನ್ನು ಮಾತ್ರ ಎಣಿಸುತ್ತಾರೆ, ಐ ಬಂದವನ್ನು ಅದಕ್ಕೆ ಸೇರಿಸುವುದಿಲ್ಲ. ಯುರೋಪಿನ ಯುಕಾಸ್ಟ್ ಪದ್ಧತಿಯಲ್ಲಿ 2019ರಿಂದ ಐ ಅಂದರೆ ಔಷಧಿಯ ಪ್ರಮಾಣ ಹೆಚ್ಚಿಸಿದರೆ ಕೆಲಸ ಮಾಡುತ್ತದೆ ಎಂದು. ಆ ಪದ್ಧತಿಯಲ್ಲಿ ಸ್ಯೂಡೊಮೊನಾಸ್‌ಗೆ ಸೆಫ್ಟಾಜಿಡೈಮ್, ಪೈಪರಾಸಿಲಿನ್-ಟಾಜೊಬ್ಯಾಕ್ಟಂ ಎರಡೂ ಐ ಗುಂಪಿಗೇ ಬರುತ್ತವೆ. ಎಸ್ ಮಾತ್ರ ಎಣಿಸಿದರೆ ಆ ಸಾಲಿನಲ್ಲಿ ಸೊನ್ನೆ ನಿಲ್ಲುತ್ತದೆ. ನಿಮ್ಮ ಲ್ಯಾಬ್ ಯಾವ ಪದ್ಧತಿ ಅನುಸರಿಸುತ್ತದೆ ಅನ್ನುವುದನ್ನು ಮೊದಲು ಕೇಳಿಕೊಳ್ಳಿ.

ಇಡೀ ಆಸ್ಪತ್ರೆಗೆ ಒಂದೇ ಪಟ್ಟಿ

ಇದು ಎಲ್ಲಕ್ಕಿಂತ ಸುಲಭ, ಸಂಖ್ಯೆಯೂ ಚೆನ್ನಾಗಿ ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ಏನಾಗುತ್ತಿದೆ ಅಂತ ನೋಡಲು, ಫಾರ್ಮಸಿಯಲ್ಲಿ ಯಾವ ಔಷಧಿ ಇಡಬೇಕು ಅಂತ ತೀರ್ಮಾನಿಸಲು, ಆಡಳಿತದವರಿಗೆ ವಿಷಯ ಮುಟ್ಟಿಸಲು ಇಷ್ಟು ಸಾಕು.

ಹಾಸಿಗೆ ಪಕ್ಕ ಮಾತ್ರ ಇದು ಎಡವುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಆಸ್ಪತ್ರೆಯಲ್ಲಿ 300 ಕ್ಲೆಬ್ಸಿಯೆಲ್ಲಾ ಬೆಳೆದಿವೆ ಅಂತಿಟ್ಟುಕೊಳ್ಳಿ. ಅದರಲ್ಲಿ 240 ಹೊರರೋಗಿ ವಿಭಾಗ ಮತ್ತು ಸಾಮಾನ್ಯ ವಾರ್ಡುಗಳವು, ಒಂದು ಔಷಧಿಗೆ ಶೇ. 80 ಸೆನ್ಸಿಟಿವ್. ಉಳಿದ 60 ಐಸಿಯುನವು, ಅದೇ ಔಷಧಿಗೆ ಶೇ. 35. ಕೂಡಿಸಿದರೆ 192 ಮತ್ತು 21, ಒಟ್ಟು 213. ಪಟ್ಟಿಯಲ್ಲಿ ಶೇ. 71 ಅಂತ ಬರುತ್ತದೆ. ಈ 71 ಯಾವ ರೋಗಿಗೂ ಸೇರಿದ್ದಲ್ಲ. ಐಸಿಯು ಡಾಕ್ಟರ್ ಇದನ್ನು ನಂಬಿ ಆ ಔಷಧಿ ಕೊಟ್ಟರೆ ಮೂವರಲ್ಲಿ ಇಬ್ಬರಿಗೆ ಅದು ತಾಗುವುದಿಲ್ಲ. ವಾರ್ಡ್ ಡಾಕ್ಟರ್ ಇದನ್ನು ನೋಡಿ ಹೆದರಿದರೆ ಸುಮ್ನೆ ಕಾರ್ಬಪೆನೆಮ್‌ಗೆ (ಮೆರೋಪೆನೆಮ್ ಥರದ ದೊಡ್ಡ ಔಷಧಿಗೆ) ಹೋಗುತ್ತಾರೆ.

ಇನ್ನೊಂದು ಮಾತು. ಹೆಚ್ಚಿನ ಆಸ್ಪತ್ರೆಗಳಲ್ಲಿ ಲ್ಯಾಬಿಗೆ ಬರುವ ಸ್ಯಾಂಪಲ್‌ಗಳಲ್ಲಿ ಮೂತ್ರದ್ದೇ ದೊಡ್ಡ ಪಾಲು. ಇ. ಕೋಲೈ ಸಾಲಿನಲ್ಲಂತೂ ಮೂತ್ರದ್ದೇ ದರ್ಬಾರು. ಇಡೀ ಆಸ್ಪತ್ರೆಯ ಪಟ್ಟಿ ಅಂತ ಹೆಸರಿಟ್ಟಿದ್ದರೂ ಆ ಸಾಲು ಹೇಳುವುದು ಮುಕ್ಕಾಲು ಭಾಗ ಮೂತ್ರದ ಸೋಂಕಿನ ಕಥೆಯನ್ನೇ.

ವಾರ್ಡ್‌ವಾರು ಪಟ್ಟಿ

ಮೇಲಿನ 71ರ ಸಮಸ್ಯೆಗೆ ನೇರ ಉತ್ತರ ಇದೇ. ಐಸಿಯು ಡಾಕ್ಟರಿಗೆ 35 ಕಾಣುತ್ತದೆ, ವಾರ್ಡ್ ಡಾಕ್ಟರಿಗೆ 80 ಕಾಣುತ್ತದೆ. ಇದಕ್ಕೆ ಇನ್ನೊಂದು ಲಾಭವೂ ಇದೆ. ಒಂದು ವಾರ್ಡಿನ ಅಂಕಿ ಹಿಂದಿನ ಸಲಕ್ಕಿಂತ ತಟಕ್ಕನೆ ಕೆಳಗೆ ಬಿದ್ದರೆ, ಅಲ್ಲಿ ಒಂದೇ ತಳಿ ಕೈಯಿಂದ ಕೈಗೆ ಹರಡುತ್ತಿದೆಯಾ ಅನ್ನುವ ಅನುಮಾನ ಬರುತ್ತದೆ. ಇಡೀ ಆಸ್ಪತ್ರೆಯ ಪಟ್ಟಿಯಲ್ಲಿ ಅದು ಮುಳುಗಿಹೋಗುತ್ತದೆ. ವಾರ್ಡಿನವರು ತಮ್ಮದೇ ಅಂಕಿ ಎಂದು ನೋಡಿದಾಗ ಕೈ ತೊಳೆಯುವುದರಿಂದ ಹಿಡಿದು ಕ್ಯಾಥೆಟರ್ ಬೇಗ ತೆಗೆಯುವುದರ ತನಕ ಮಾತು ಶುರುವಾಗುತ್ತದೆ. ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ.

ಕಷ್ಟ ಬರುವುದು ಸಂಖ್ಯೆಯಲ್ಲಿ. ಎಂಟು ಹಾಸಿಗೆಯ ಐಸಿಯುನಲ್ಲಿ ವರ್ಷಕ್ಕೆ ಒಂದೊಂದು ಬ್ಯಾಕ್ಟೀರಿಯಾ 30 ಸಿಗುವುದು ಕಷ್ಟ. ಆಗ ಎರಡು ದಾರಿ ಇವೆ. ಒಂದೇ ಥರದ ವಾರ್ಡುಗಳನ್ನು ಸೇರಿಸುವುದು, ಅಥವಾ ಎರಡು ವರ್ಷದ ಡೇಟಾ ಸೇರಿಸುವುದು.

ವಾರ್ಡುಗಳನ್ನು ಸೇರಿಸುವಾಗ ಮಹಡಿ ನೋಡಬೇಡಿ, ವಿಭಾಗದ ಹೆಸರನ್ನೂ ನೋಡಬೇಡಿ. ರೋಗಿಗಳು ಎಂಥವರು, ಅವರಿಗೆ ಎಂಥ ಔಷಧಿ ಹೋಗುತ್ತದೆ ಅಂತ ನೋಡಿ. ದೊಡ್ಡವರ ಮೆಡಿಕಲ್ ಐಸಿಯು ಮತ್ತು ಸರ್ಜಿಕಲ್ ಐಸಿಯು ಒಟ್ಟಿಗೆ ಕೂರಬಹುದು. ನವಜಾತ ಶಿಶುಗಳ ಐಸಿಯುವನ್ನು ಮಾತ್ರ ಅವುಗಳ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ. ಅಲ್ಲಿನ ಬ್ಯಾಕ್ಟೀರಿಯಾ ಬೇರೆ, ಕೊಡಬಹುದಾದ ಔಷಧಿಗಳೂ ಬೇರೆ. ಸುಟ್ಟಗಾಯದ ವಾರ್ಡ್, ಕ್ಯಾನ್ಸರ್ ಮತ್ತು ಅಂಗಾಂಗ ಕಸಿಯ ವಾರ್ಡುಗಳೂ ಬೇರೆಯಾಗಿಯೇ ಇರಲಿ.

ವರ್ಷಗಳನ್ನು ಸೇರಿಸಿದರೆ ಹೊಸತನ ಹೋಗುತ್ತದೆ. ಕಳೆದ ಆರು ತಿಂಗಳಲ್ಲಿ ಹೊಸ ರೆಸಿಸ್ಟೆಂಟ್ ತಳಿ ಬಂದಿದ್ದರೆ ಹಳೆಯ ಒಳ್ಳೆಯ ಅಂಕಿಗಳು ಅದನ್ನು ಮುಚ್ಚಿಹಾಕುತ್ತವೆ. ಎರಡು ವರ್ಷಕ್ಕಿಂತ ಹಿಂದೆ ಹೋಗಲು ನನಗೆ ಮನಸ್ಸು ಒಪ್ಪುವುದಿಲ್ಲ. ಬ್ರೇಕ್‌ಪಾಯಿಂಟ್ (ಎಸ್, ಆರ್ ಅಂತ ತೀರ್ಮಾನಿಸುವ ಮಿತಿ) ಬದಲಾಗಿದೆಯಾ ಅಂತಲೂ ನೋಡಿಕೊಳ್ಳಬೇಕು. ಸಿಎಲ್‌ಎಸ್‌ಐ ಎಂಟರೊಬ್ಯಾಕ್ಟರೇಲ್ಸ್‌ಗೆ (ಇ. ಕೋಲೈ, ಕ್ಲೆಬ್ಸಿಯೆಲ್ಲಾ ಸೇರಿದ ಗುಂಪಿಗೆ) ಸಿಪ್ರೊಫ್ಲೊಕ್ಸಾಸಿನ್ ಮಿತಿಯನ್ನು 2019ರಲ್ಲಿ, ಪೈಪರಾಸಿಲಿನ್-ಟಾಜೊಬ್ಯಾಕ್ಟಂ ಮಿತಿಯನ್ನು 2022ರಲ್ಲಿ, ಅಮಿಕಾಸಿನ್ ಮಿತಿಯನ್ನು 2023ರಲ್ಲಿ ಇಳಿಸಿತು. ಅದೇ ಬ್ಯಾಕ್ಟೀರಿಯಾ ಒಂದು ವರ್ಷ ಸೆನ್ಸಿಟಿವ್, ಮುಂದಿನ ವರ್ಷ ಅಲ್ಲ! ಬದಲಾಗಿದ್ದು ಅಳತೆಗೋಲು, ಬ್ಯಾಕ್ಟೀರಿಯಾ ಅಲ್ಲ. ಅದಕ್ಕೇ ಲ್ಯಾಬಿನಲ್ಲಿ ಎಸ್, ಆರ್ ಅಂತ ಮಾತ್ರ ಉಳಿಸಬೇಡಿ. ಔಷಧಿಯ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಎಷ್ಟು ಮಿಲಿಮೀಟರ್, ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧಿಯ ಕನಿಷ್ಠ ಪ್ರಮಾಣ) ಎಷ್ಟು ಅನ್ನುವ ಅಂಕಿಯನ್ನೇ ಉಳಿಸಿ. ಆಗ ಹಳೆಯ ಡೇಟಾವನ್ನು ಹೊಸ ಮಿತಿಯಿಂದ ಮತ್ತೆ ಓದಬಹುದು.

ವಾರ್ಡ್‌ವಾರು ಪಟ್ಟಿಯ ಇನ್ನೊಂದು ತೊಡಕು ರೋಗಿಯ ಓಡಾಟ. ಎಮರ್ಜೆನ್ಸಿಗೆ ಬಂದು, ಎರಡು ಗಂಟೆಯಲ್ಲಿ ಐಸಿಯು ಸೇರಿ, ಅಲ್ಲಿ ರಕ್ತ ತೆಗೆಸಿಕೊಂಡವರ ಬ್ಯಾಕ್ಟೀರಿಯಾ ಐಸಿಯುನದ್ದಾ? ಅಲ್ಲ, ಮನೆಯಿಂದಲೇ ತಂದಿದ್ದು. ಆದರೆ ಕಂಪ್ಯೂಟರಿನಲ್ಲಿ ಐಸಿಯು ಅಂತಲೇ ಇರುತ್ತದೆ. ಇದಕ್ಕೆ ಒಂದು ಸರಳ ಪರ್ಯಾಯ ಇದೆ, ವಾರ್ಡ್ ಬದಲು ದಿನ ನೋಡಿ ಒಡೆಯುವುದು. ಭರ್ತಿಯಾಗಿ 48 ಗಂಟೆಯೊಳಗೆ ತೆಗೆದ ಸ್ಯಾಂಪಲ್ ಒಂದು ಕಡೆ, ಆಮೇಲೆ ತೆಗೆದದ್ದು ಇನ್ನೊಂದು ಕಡೆ. ಭರ್ತಿಯಾದ ದಿನಾಂಕ ಮತ್ತು ಸ್ಯಾಂಪಲ್ ದಿನಾಂಕ ಎರಡೂ ದಾಖಲಾಗಿದ್ದರೆ ಇಷ್ಟು ಸಾಕು. ಚಿಕ್ಕ ಆಸ್ಪತ್ರೆಗೆ ನಾನು ಹೇಳುವ ಮೊದಲ ಒಡಕು ಇದೇ. ಎರಡೇ ಭಾಗ ಆಗುವುದರಿಂದ ಸಂಖ್ಯೆ ಉಳಿಯುತ್ತದೆ, ಹೋಲಿಕೆಯೂ ಗಟ್ಟಿಯಾಗುತ್ತದೆ.

ಸ್ಯಾಂಪಲ್‌ವಾರು ಪಟ್ಟಿ

ಡಾಕ್ಟರ್ ಯೋಚಿಸುವುದು ಸೋಂಕಿನ ಜಾಗದಿಂದ. ಮೂತ್ರದ್ದಾ, ರಕ್ತದ್ದಾ, ಶ್ವಾಸಕೋಶದ್ದಾ? ಹಾಗಾಗಿ ಈ ಒಡಕು ಅವರಿಗೆ ಸಹಜವಾಗಿ ಒಗ್ಗುತ್ತದೆ. ಕೆಲವು ಔಷಧಿಗಳಿಗೆ ಇದು ಬೇಕೇ ಬೇಕು. ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಮಾತ್ರ ಉಪಯೋಗ, ರಕ್ತದಲ್ಲಿ ಅದರ ಪ್ರಮಾಣ ಸಾಲುವುದಿಲ್ಲ. ಎಲ್ಲ ಸ್ಯಾಂಪಲ್ ಸೇರಿದ ಪಟ್ಟಿಯಲ್ಲಿ ಅದಕ್ಕೆ ಒಳ್ಳೆಯ ಅಂಕಿ ಕಂಡು ಯಾರಾದರೂ ಸೆಪ್ಸಿಸ್‌ಗೆ ಬರೆದರೆ ಅನಾಹುತ. ಡ್ಯಾಪ್ಟೊಮೈಸಿನ್ ರಕ್ತದ ಸೋಂಕಿಗೆ ಒಳ್ಳೆಯದು, ಆದರೆ ಶ್ವಾಸಕೋಶದ ಸರ್ಫ್ಯಾಕ್ಟೆಂಟ್ ಅದನ್ನು ಕಟ್ಟಿಹಾಕುತ್ತದೆ. ನ್ಯುಮೋನಿಯಾಗೆ ಅದು ಬೇಡ.

ನ್ಯುಮೋನಿಯಾ, ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ತರುವ ನ್ಯುಮೊಕಾಕಸ್ ಇದಕ್ಕೆ ಇನ್ನೂ ಸ್ಪಷ್ಟ ಉದಾಹರಣೆ. ಸಿಎಲ್‌ಎಸ್‌ಐ ಪ್ರಕಾರ ಮೆನಿಂಜೈಟಿಸ್‌ನಲ್ಲಿ ಪೆನಿಸಿಲಿನ್ ಎಂಐಸಿ 0.06 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಸೆನ್ಸಿಟಿವ್. ಬೇರೆ ಕಡೆಯ ಸೋಂಕಿಗೆ ಇಂಜೆಕ್ಷನ್ ಪೆನಿಸಿಲಿನ್ ಕೊಡುವುದಾದರೆ 2ರ ತನಕ ಸೆನ್ಸಿಟಿವ್. ಎಂಐಸಿ 1 ಇರುವ ಬ್ಯಾಕ್ಟೀರಿಯಾ ನ್ಯುಮೋನಿಯಾದಲ್ಲಿ ಸೆನ್ಸಿಟಿವ್, ಮಿದುಳಿನ ಪೊರೆಯ ಸೋಂಕಿನಲ್ಲಿ ರೆಸಿಸ್ಟೆಂಟ್. ಒಂದೇ ಸಾಲಿನಲ್ಲಿ ಇದನ್ನು ಹೇಳಲು ಆಗುವುದೇ ಇಲ್ಲ, ಎರಡು ಸಾಲು ಬೇಕು.

ಶ್ವಾಸಕೋಶದ ಸ್ಯಾಂಪಲ್‌ಗಳಲ್ಲಿ ಸ್ವಲ್ಪ ಎಚ್ಚರ ಬೇಕು. ಟ್ಯೂಬ್ ಹಾಕಿದ ರೋಗಿಯ ಕಫದಲ್ಲಿ ಅಸಿನೆಟೊಬ್ಯಾಕ್ಟರ್ ಬೆಳೆಯಿತು ಅಂದ ಮಾತ್ರಕ್ಕೆ ನ್ಯುಮೋನಿಯಾ ಇದೆ ಎಂದಲ್ಲ, ಸುಮ್ನೆ ಅಲ್ಲಿ ಕೂತಿರಬಹುದು. ರಕ್ತದಲ್ಲಿ ಒಂದೇ ಬಾಟಲಿಯಲ್ಲಿ ಕೋಯಾಗ್ಯುಲೇಸ್-ನೆಗೆಟಿವ್ ಸ್ಟಫೈಲೊಕಾಕಸ್ ಬಂದರೆ ಅದು ಬಹಳ ಸಲ ಚರ್ಮದಿಂದ ಬಂದದ್ದು. ಇವೆರಡನ್ನೂ ಸೋಸದೆ ಮಾಡಿದ ಪಟ್ಟಿಯನ್ನು ನಂಬಿದರೆ ಬೇಡದ ಕಡೆ ಕೊಲಿಸ್ಟಿನ್, ಬೇಡದ ಕಡೆ ವ್ಯಾಂಕೊಮೈಸಿನ್ ಹೋಗುತ್ತದೆ.

ಜಾಗ ಸಾಲದಿದ್ದರೆ ಮೂತ್ರ ಒಂದು, ಮೂತ್ರ ಬಿಟ್ಟು ಉಳಿದದ್ದೆಲ್ಲ ಒಂದು, ಹೀಗೆ ಎರಡು ಪಟ್ಟಿ ಮಾಡಿ. ಮಧ್ಯಮ ಗಾತ್ರದ ಆಸ್ಪತ್ರೆಗೆ ಇಷ್ಟರಿಂದಲೇ ಬಹಳ ಉಪಕಾರ ಆಗುತ್ತದೆ.

ಜೋಡಿ ಔಷಧಿಗಳ ಲೆಕ್ಕ

ಐಸಿಯುನಲ್ಲಿ ಗ್ರಾಂ-ನೆಗೆಟಿವ್ ಸೋಂಕಿಗೆ ಒಂದು ಔಷಧಿ ಸಾಲದು ಅನ್ನಿಸಿದಾಗ ಜೊತೆಗೆ ಯಾವುದನ್ನು ಸೇರಿಸಬೇಕು? ಈ ಪ್ರಶ್ನೆಗೆ ಮೇಲಿನ ಯಾವ ಪಟ್ಟಿಯೂ ಉತ್ತರ ಕೊಡುವುದಿಲ್ಲ. 100 ಐಸೊಲೇಟ್ ಇವೆ, ಪೈಪರಾಸಿಲಿನ್-ಟಾಜೊಬ್ಯಾಕ್ಟಂ 70, ಅಮಿಕಾಸಿನ್ 75, ಸಿಪ್ರೊಫ್ಲೊಕ್ಸಾಸಿನ್ 60 ಅಂತ ಇಟ್ಟುಕೊಳ್ಳಿ. ಪೈಪರಾಸಿಲಿನ್ ಜೊತೆ ಅಮಿಕಾಸಿನ್ ಸೇರಿಸಿದರೆ ಎಷ್ಟಾಗುತ್ತದೆ? ಎರಡೂ ಬೇರೆ ಬೇರೆ ಅಂದುಕೊಂಡು ಗುಣಾಕಾರ ಮಾಡಿದರೆ 92 ದಾಟುತ್ತದೆ. ಆದರೆ ರೆಸಿಸ್ಟೆನ್ಸ್ ಹಾಗೆ ಬಿಡಿಬಿಡಿಯಾಗಿ ಬರುವುದಿಲ್ಲ. ಹಲವು ಔಷಧಿಗಳಿಗೆ ರೆಸಿಸ್ಟೆನ್ಸ್ ಕೊಡುವ ಜೀನುಗಳು ಎಷ್ಟೋ ಸಲ ಒಂದೇ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಗೆ ದಾಟಬಲ್ಲ ಡಿಎನ್‌ಎ ತುಣುಕು) ಮೇಲೆ ಒಟ್ಟಿಗೆ ಸಾಗುತ್ತವೆ.

ಹಾಗಾಗಿ ಪೈಪರಾಸಿಲಿನ್‌ಗೆ ತಾಗದ ಆ 30 ಐಸೊಲೇಟ್‌ಗಳನ್ನೇ ಹೊರತೆಗೆದು ಒಂದೊಂದಾಗಿ ನೋಡಬೇಕು. ಅದರಲ್ಲಿ 18 ಅಮಿಕಾಸಿನ್‌ಗೆ ಸೆನ್ಸಿಟಿವ್ ಇದ್ದರೆ ಜೋಡಿಯ ಲೆಕ್ಕ 88. ಸಿಪ್ರೊಫ್ಲೊಕ್ಸಾಸಿನ್‌ಗೆ 4 ಮಾತ್ರ ಸೆನ್ಸಿಟಿವ್ ಇದ್ದರೆ 74. ಅಂದರೆ ಸಿಪ್ರೊ ಸೇರಿಸಿ ಸಿಕ್ಕಿದ್ದು ಬರೀ ನಾಲ್ಕು. ರೋಗಿಗೆ ಎರಡು ಔಷಧಿಯ ಅಡ್ಡಪರಿಣಾಮ, ಲಾಭ ಮಾತ್ರ ಎಳ್ಳಷ್ಟು. ಈ ಪಟ್ಟಿ ಐಸಿಯು ಇರುವ ಆಸ್ಪತ್ರೆಗಳಿಗೆ ಮಾತ್ರ ಬೇಕು, ಅದೂ ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ಥರದ ಎರಡು ಮೂರು ಬ್ಯಾಕ್ಟೀರಿಯಾಗೆ. ಒಂದೊಂದು ಐಸೊಲೇಟಿನ ಸಾಲು ಸಾಲು ಡೇಟಾ ಇಲ್ಲದೆ ಇದನ್ನು ಮಾಡಲಾಗದು, ಹಳೆಯ ಪಟ್ಟಿಗಳ ಶೇಕಡಾ ಮಾತ್ರ ಇದ್ದರೆ ಆಗುವುದಿಲ್ಲ.

ವಿಸ್ಕಾ

ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತಿಲ್ಲದ ಹೊತ್ತಿನಲ್ಲಿ ಡಾಕ್ಟರ್ ಔಷಧಿ ಬರೆಯುತ್ತಾರೆ. ಆದರೆ ಸಾಮಾನ್ಯ ಪಟ್ಟಿಯನ್ನು ನೋಡಲು ಬ್ಯಾಕ್ಟೀರಿಯಾ ಹೆಸರು ಗೊತ್ತಿರಬೇಕು. ಈ ತೊಡಕನ್ನು ಬಿಡಿಸಲು 2012ರಲ್ಲಿ ಬಂದ ವಿಧಾನ ವಿಸ್ಕಾ. ಒಂದು ಸೋಂಕಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟು ಪಾಲು ಇದೆ ಅನ್ನುವುದನ್ನು ತೂಕಕ್ಕೆ ಹಾಕಿ, ಈ ಸೋಂಕಿಗೆ ಈ ಔಷಧಿ ಕೊಟ್ಟರೆ ಒಟ್ಟು ಎಷ್ಟು ಜನಕ್ಕೆ ತಾಗುತ್ತದೆ ಅಂತ ಒಂದೇ ಅಂಕಿ ಕೊಡುತ್ತದೆ.

ಒಂದು ವಾರ್ಡಿನ ಮೂತ್ರದ ಸೋಂಕಿನಲ್ಲಿ ಇ. ಕೋಲೈ 60, ಕ್ಲೆಬ್ಸಿಯೆಲ್ಲಾ 20, ಸ್ಯೂಡೊಮೊನಾಸ್ 10, ಎಂಟರೊಕಾಕಸ್ 10 ಪಾಲು ಅಂತಿಟ್ಟುಕೊಳ್ಳಿ. ಅಮಿಕಾಸಿನ್ ಇವುಗಳಲ್ಲಿ ಕ್ರಮವಾಗಿ ಶೇ. 95, 75, 80 ಕೆಲಸ ಮಾಡುತ್ತದೆ. ಎಂಟರೊಕಾಕಸ್‌ಗೆ ಹುಟ್ಟಿನಿಂದಲೇ ಅದು ತಾಗುವುದಿಲ್ಲ, ಅಲ್ಲಿ ಸೊನ್ನೆ. ಕೂಡಿಸಿದರೆ 57, 15, 8, ಒಟ್ಟು 80. ಪೈಪರಾಸಿಲಿನ್-ಟಾಜೊಬ್ಯಾಕ್ಟಂ 80, 60, 80, ಎಂಟರೊಕಾಕಸ್‌ಗೆ 90 ಇದ್ದರೆ 48, 12, 8, 9, ಒಟ್ಟು 77. ಇ. ಕೋಲೈ ಸಾಲು ಮಾತ್ರ ನೋಡಿದವರಿಗೆ ಎರಡು ಔಷಧಿಗೆ 15ರ ಅಂತರ ಕಾಣುತ್ತದೆ. ರೋಗಿಯ ಕಡೆಯಿಂದ ನೋಡಿದರೆ ಅಂತರ ಬರೀ 3. ಆಗ ಕಿಡ್ನಿ ಹೇಗಿದೆ, ಅಲರ್ಜಿ ಇದೆಯಾ, ಇವೆಲ್ಲ ತೀರ್ಮಾನದಲ್ಲಿ ಮುಂದೆ ಬರುತ್ತವೆ.

ಹಾಸಿಗೆ ಪಕ್ಕದ ಪ್ರಶ್ನೆಗೆ ಇಷ್ಟು ಹತ್ತಿರ ಬರುವ ಪಟ್ಟಿ ಇನ್ನೊಂದಿಲ್ಲ. ಬೆಲೆಯೂ ಹಾಗೇ ಇದೆ. ಯಾವುದು ನಿಜವಾದ ಸೋಂಕು ಅಂತ ಕೇಸ್ ಶೀಟ್ ನೋಡಿ ಹೇಳುವವರು ಬೇಕು, ಲೆಕ್ಕಶಾಸ್ತ್ರ ಬಲ್ಲವರು ಬೇಕು, ಲ್ಯಾಬ್ ಮತ್ತು ವಾರ್ಡ್ ಡೇಟಾ ಒಂದಕ್ಕೊಂದು ಜೋಡಣೆಯಾಗಿರಬೇಕು. ಆ ಅಡಿಪಾಯ ಇಲ್ಲದೆ ಹೆಸರಿಗಾಗಿ ಇದನ್ನು ಶುರು ಮಾಡಬೇಡಿ.

ಬೇರೆಯವರ ಅಂಕಿ ತೆಗೆದುಕೊಂಡರೆ?

ದೇಶಮಟ್ಟದ ವರದಿಗಳು, ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶುರು ಮಾಡಿದ ಗ್ಲಾಸ್ ಎಂಬ ರೆಸಿಸ್ಟೆನ್ಸ್ ನಿಗಾ ವ್ಯವಸ್ಥೆಯ ಅಂಕಿಗಳು, ಇವು ದೊಡ್ಡ ಚಿತ್ರ ನೋಡಲು ಇವೆ. ನಿಮ್ಮ ವಾರ್ಡಿನ ರೋಗಿಗೆ ಔಷಧಿ ಆರಿಸಲು ಅಲ್ಲ. ಅಕ್ಕಪಕ್ಕದ, ಅದೇ ಗಾತ್ರದ, ಅದೇ ಥರದ ರೋಗಿಗಳಿರುವ ಎರಡು ಮೂರು ಆಸ್ಪತ್ರೆಗಳು ಡೇಟಾ ಕೂಡಿಸಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಚಿಕ್ಕವರಿಗೆ 30ರ ಗಡಿ ದಾಟಲು ಇದು ಒಳ್ಳೆಯ ದಾರಿ.

ಹಾಗಾದರೆ ಯಾರಿಗೆ ಯಾವುದು

ವರ್ಷಕ್ಕೆ ಕೆಲವೇ ನೂರು ಐಸೊಲೇಟ್ ಬರುವ ಆಸ್ಪತ್ರೆಯಾದರೆ ಇಡೀ ಆಸ್ಪತ್ರೆಯ ಪಟ್ಟಿ ಮಾಡಿ, ಅದನ್ನು 48 ಗಂಟೆಯ ಒಳಗೆ ಮತ್ತು ಆಮೇಲೆ ಅಂತ ಎರಡು ಮಾಡಿ. ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಟಫೈಲೊಕಾಕಸ್ ಆರಿಯಸ್, ಇಷ್ಟಕ್ಕೇ 30 ಸಿಕ್ಕರೂ ಸಾಕು. ಉಳಿದವನ್ನು ಪಟ್ಟಿಗೆ ಹಾಕಲೇಬೇಕು ಅಂತ ಒದ್ದಾಡಬೇಡಿ.

ಐಸಿಯು ಇರುವ ಮಧ್ಯಮ ಆಸ್ಪತ್ರೆಯಾದರೆ ನಾಲ್ಕು ಪಟ್ಟಿ ಸಾಕು: ಹೊರರೋಗಿ ಮತ್ತು ಎಮರ್ಜೆನ್ಸಿ, ಸಾಮಾನ್ಯ ವಾರ್ಡ್, ದೊಡ್ಡವರ ಐಸಿಯು, ಮೂತ್ರ. ನವಜಾತ ಶಿಶುಗಳ ಐಸಿಯು ಇದ್ದರೆ ಅದು ಐದನೆಯದು, ಎರಡು ವರ್ಷದ ಡೇಟಾ ಸೇರಿಸಿ ಆದರೂ ಸರಿ. ಐಸಿಯು ಪಟ್ಟಿಯ ಕೆಳಗೆ ಒಂದು ಜೋಡಿ ಲೆಕ್ಕ ಸೇರಿಸಲು ಆದರೆ ಸೇರಿಸಿ. ಹೆಚ್ಚಿನ ಆಸ್ಪತ್ರೆಗಳು ಬಂದು ನಿಲ್ಲಬೇಕಾದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ. ದೊಡ್ಡ ಬೋಧನಾ ಆಸ್ಪತ್ರೆಯಾದರೆ, ಲೆಕ್ಕ ಬಲ್ಲವರು ಇದ್ದರೆ, ರಕ್ತದ ಸೋಂಕು ಮತ್ತು ಮೂತ್ರದ ಸೋಂಕಿಗೆ ವಿಸ್ಕಾ ಮಾಡಲು ಇಳಿಯಬಹುದು.

ದುಡ್ಡಿನ ಮಾತಿಗೆ ಬಂದರೆ, ಸಾಫ್ಟ್‌ವೇರ್‌ಗೆ ಖರ್ಚು ಮಾಡಲೇಬೇಕು ಅಂತಿಲ್ಲ. ಲ್ಯಾಬ್ ಡೇಟಾ ನಿಭಾಯಿಸುವ ವೂನೆಟ್ (WHONET) ಉಚಿತ. ಒಬ್ಬ ರೋಗಿಗೆ ಒಂದು ಐಸೊಲೇಟ್ ಅನ್ನುವ ಸೋಸುವಿಕೆ, ವಾರ್ಡ್‌ವಾರು ಒಡೆಯುವುದು ಎರಡನ್ನೂ ಅದೇ ಮಾಡಿಕೊಡುತ್ತದೆ. ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಆರ್ ಭಾಷೆಯ ಎಎಂಆರ್ ಪ್ಯಾಕೇಜ್ ಕೂಡ ಉಚಿತವಾಗಿ ಸಿಗುತ್ತದೆ, ಜೋಡಿ ಲೆಕ್ಕಕ್ಕೆ ಅದು ಬಹಳ ಅನುಕೂಲ. ಉಳಿಸಿದ ದುಡ್ಡನ್ನು ಡಿಸ್ಕ್‌ಗಳ ಗುಣಮಟ್ಟಕ್ಕೆ, ಪರೀಕ್ಷೆ ಸರಿಯಿದೆಯಾ ಅಂತ ನೋಡುವ ಕಂಟ್ರೋಲ್ ತಳಿಗಳಿಗೆ, ಕೊಲಿಸ್ಟಿನ್‌ಗೆ ಸರಿಯಾದ ಬ್ರಾತ್ ಮೈಕ್ರೊಡೈಲ್ಯೂಷನ್ (ದ್ರವದಲ್ಲಿ ಎಂಐಸಿ ಅಳೆಯುವ) ಪರೀಕ್ಷೆಗೆ ಹಾಕಿ. ಕೊಲಿಸ್ಟಿನ್ ದೊಡ್ಡ ಅಣು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಅದರ ಮಾಮೂಲಿ ಡಿಸ್ಕ್ ಫಲಿತಾಂಶವನ್ನು ಯಾವ ಪಟ್ಟಿಯಲ್ಲೂ ಹಾಕಬೇಡಿ.

ಎಷ್ಟು ಶೇಕಡಾ ಇದ್ದರೆ ಔಷಧಿಯನ್ನು ನಂಬಬಹುದು ಅನ್ನುವುದು ರೋಗದ ಮೇಲೆ ನಿಂತಿದೆ. ಸರಳ ಮೂತ್ರಕೋಶದ ಸೋಂಕಿಗೆ ಟ್ರೈಮೆಥೊಪ್ರಿಂ-ಸಲ್ಫಾಮೆಥೊಕ್ಸಜೋಲ್ ಬಳಸಲು ರೆಸಿಸ್ಟೆನ್ಸ್ ಶೇ. 20 ಮೀರಬಾರದು ಅನ್ನುವ ಗಡಿ ಬಳಕೆಯಲ್ಲಿದೆ. ಕಿಡ್ನಿಗೆ ಏರಿದ ಸೋಂಕಿನಲ್ಲಿ ಫ್ಲೋರೊಕ್ವಿನೊಲೋನ್‌ಗೆ ಅದು ಶೇ. 10. ಸೆಪ್ಟಿಕ್ ಶಾಕ್‌ನಲ್ಲಿ ತಪ್ಪಿದರೆ ಮತ್ತೆ ಅವಕಾಶ ಸಿಗುವುದು ಕಷ್ಟ, ಅಲ್ಲಿ 90ರ ಮೇಲಿದ್ದರೆ ಒಳ್ಳೆಯದು. ಪಟ್ಟಿಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚುವವರು ಇದನ್ನು ನೆನಪಿಡಬೇಕು. 80ರ ಮೇಲೆ ಎಲ್ಲವೂ ಹಸಿರು ಅಂತ ಮಾಡಿದರೆ ಐಸಿಯು ದಾರಿ ತಪ್ಪುತ್ತದೆ.

ಯಾವ ಆಯ್ಕೆ ಹಿಡಿದರೂ ಪಟ್ಟಿಯ ತಲೆಯಲ್ಲಿ ಅವಧಿ, ವಾರ್ಡ್, ಸ್ಯಾಂಪಲ್, ಯಾವ ವರ್ಷದ ಯಾವ ಬ್ರೇಕ್‌ಪಾಯಿಂಟ್ ಅನ್ನುವುದು ಇರಲಿ. ಪ್ರತಿ ಬ್ಯಾಕ್ಟೀರಿಯಾ ಹೆಸರಿನ ಪಕ್ಕ ಐಸೊಲೇಟ್ ಸಂಖ್ಯೆ ಇರಲಿ. ಹುಟ್ಟಿನಿಂದಲೇ ರೆಸಿಸ್ಟೆಂಟ್ ಇರುವ ಕಡೆ ಖಾಲಿ ಬಿಡದೆ ಆರ್ ಅಂತ ಬರೆಯಿರಿ. ಕ್ಲೆಬ್ಸಿಯೆಲ್ಲಾ ಸಾಲಿನಲ್ಲಿ ಆಂಪಿಸಿಲಿನ್, ಸ್ಯೂಡೊಮೊನಾಸ್ ಸಾಲಿನಲ್ಲಿ ಸೆಫ್ಟ್ರಿಯಾಕ್ಸೋನ್, ಪ್ರೋಟಿಯಸ್ ಸಾಲಿನಲ್ಲಿ ಕೊಲಿಸ್ಟಿನ್ ಹೀಗೆ. ಖಾಲಿ ಜಾಗ ನೋಡಿದವರು ಪರೀಕ್ಷೆ ಮಾಡಿಲ್ಲ ಅಂದುಕೊಂಡು ಕೊಟ್ಟುಬಿಡಬಹುದು.

ನಿಮ್ಮಲ್ಲಿ ಲ್ಯಾಬೇ ಇಲ್ಲ, ಸ್ಯಾಂಪಲ್ ಹೊರಗೆ ಹೋಗುತ್ತದೆ ಅಂದರೂ ಇದೆಲ್ಲ ಸಾಧ್ಯ. ಹೊರಗಿನ ಲ್ಯಾಬ್ ಜೊತೆ ಒಪ್ಪಂದ ಮಾಡುವಾಗಲೇ ಎರಡು ಷರತ್ತು ಬರೆಸಿಕೊಳ್ಳಿ. ಸ್ಯಾಂಪಲ್ ಫಾರಂನಲ್ಲಿ ವಾರ್ಡ್ ಮತ್ತು ಭರ್ತಿಯಾದ ದಿನಾಂಕವನ್ನು ದಾಖಲಿಸಬೇಕು. ವರ್ಷಕ್ಕೆ ಒಂದು ಸಲ ನಿಮ್ಮ ಆಸ್ಪತ್ರೆಯ ಎಲ್ಲ ಫಲಿತಾಂಶಗಳನ್ನು ಒಂದೊಂದು ಐಸೊಲೇಟಿಗೆ ಒಂದೊಂದು ಸಾಲಿನಂತೆ, ಮಿಲಿಮೀಟರ್ ಅಥವಾ ಎಂಐಸಿ ಅಂಕಿಯ ಸಮೇತ, ಸ್ಪ್ರೆಡ್‌ಶೀಟಿನಲ್ಲಿ ಕೊಡಬೇಕು. ಪಿಡಿಎಫ್ ರಿಪೋರ್ಟುಗಳ ಕಟ್ಟು ಕೊಟ್ಟರೆ ಒಪ್ಪಬೇಡಿ, ಅದರಿಂದ ಯಾವ ಪಟ್ಟಿಯನ್ನೂ ಮಾಡಲಾಗದು.